ಸಿಕ್ಕಿದ ವಸ್ತುವನ್ನು ಯಾರೋ ಬಂದು ‘ಅದು ನಂದು’ ಅಂದಾಗ: ಕೊಡುವ ಮುಂಚೆ ಏನೇನು ನೋಡಬೇಕು

ಜಾತ್ರೆಯಲ್ಲಿ ಮೈಕ್ ಹಿಡಿದವರು ಹೀಗೆ ಕೂಗುವುದನ್ನು ಕೇಳಿರುತ್ತೀರಿ: “ಕಪ್ಪು ಪರ್ಸ್ ಒಂದು ಸಿಕ್ಕಿದೆ, ಒಳಗೆ ಎರಡು ಸಾವಿರದ ಮುನ್ನೂರು ರೂಪಾಯಿ, ಒಂದು ಎಟಿಎಂ ಕಾರ್ಡು ಇದೆ. ಕಳೆದುಕೊಂಡವರು ಗುರುತು ಹೇಳಿ ತಗೊಂಡು ಹೋಗಬೇಕು.” ಗುರುತೆಲ್ಲ ಮೈಕಿನಲ್ಲೇ ಹೇಳಿಬಿಟ್ಟರೆ ಬಂದವರು ಹೇಳುವುದಕ್ಕೆ ಇನ್ನೇನು ಉಳಿಯಿತು? ಈಗ ಅದೇ ಕೆಲಸ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಫೋಟೋ ಸಮೇತ ನಡೆಯುತ್ತದೆ. ಹತ್ತು ನಿಮಿಷದಲ್ಲಿ ಅಪರಿಚಿತ ನಂಬರಿನಿಂದ ಫೋನ್ ಬರುತ್ತದೆ: “ಅದು ನಂದೇ ಸರ್.”

ಆ ಫೋನ್ ಬಂದ ಮೇಲೆ ಏನು ಮಾಡಬೇಕು ಅನ್ನುವುದೇ ಈ ಬರಹ. ಹೆಚ್ಚಿನ ಭಾಗ ವಸ್ತು ಸಿಕ್ಕವರಿಗೆ. ನಿಮ್ಮ ವಸ್ತುವನ್ನೇ ಬೇರೆ ಯಾರೋ ತಮ್ಮದೆಂದು ಹೇಳಿ ತೆಗೆದುಕೊಂಡು ಹೋಗಿದ್ದರೆ ಏನು ಮಾಡಬೇಕು ಅನ್ನುವುದು ಕೊನೆಯಲ್ಲಿದೆ.

ಕೈಗೆತ್ತಿಕೊಂಡರೆ ಹೊಣೆ ಬರುತ್ತದೆ

ದಾರಿಯಲ್ಲಿ ಬಿದ್ದದ್ದನ್ನು ಎತ್ತಿಕೊಳ್ಳಲೇಬೇಕು ಅಂತ ಯಾವ ಕಾನೂನೂ ಹೇಳುವುದಿಲ್ಲ. ಆದರೆ ಎತ್ತಿಕೊಂಡಿರೋ, 1872ರ ಭಾರತೀಯ ಕರಾರು ಕಾಯ್ದೆಯ 71ನೇ ಕಲಂ ನಿಮಗೆ ಅನ್ವಯಿಸುತ್ತದೆ. ಬೇರೆಯವರು ನಂಬಿ ಒಪ್ಪಿಸಿದ ವಸ್ತುವನ್ನು ಹೇಗೆ ಕಾಯಬೇಕೋ ಹಾಗೆ ಇದನ್ನೂ ಕಾಯಬೇಕು. ಎಷ್ಟು ಜೋಪಾನ? ನಿಮ್ಮದೇ ವಸ್ತುವಾಗಿದ್ದರೆ ಎಷ್ಟು ಎಚ್ಚರ ವಹಿಸುತ್ತಿದ್ದಿರೋ ಅಷ್ಟು. ಹಿಂದೆಮುಂದೆ ವಿಚಾರಿಸದೆ ಯಾರೋ ಕೇಳಿದರೆಂದು ಕೊಟ್ಟುಬಿಟ್ಟರೆ, ನಾಳೆ ನಿಜವಾದ ಮಾಲೀಕರು ಬಂದು ನಿಮ್ಮನ್ನೇ ಕೇಳಬಹುದು.

ಇನ್ನೊಂದು ತುದಿಯಲ್ಲಿ ಭಾರತೀಯ ನ್ಯಾಯ ಸಂಹಿತೆಯ 314ನೇ ಕಲಂ ಇದೆ. ಹಳೆಯ ಐಪಿಸಿಯ ಜಾಗಕ್ಕೆ ಬಂದ ಈ ಸಂಹಿತೆ 2024ರ ಜುಲೈ 1ರಿಂದ ಜಾರಿಯಲ್ಲಿದೆ. ಮಾಲೀಕರು ಯಾರೆಂದು ಗೊತ್ತಿದ್ದೂ, ಅಥವಾ ಹುಡುಕುವ ದಾರಿ ಇದ್ದೂ ಹುಡುಕದೆ ಸಿಕ್ಕಿದ್ದನ್ನು ಬಳಸಿಕೊಂಡರೆ ಅದು ಅಪರಾಧ. ಶಿಕ್ಷೆ ಕನಿಷ್ಠ 6 ತಿಂಗಳು, ಗರಿಷ್ಠ 2 ವರ್ಷ ಜೈಲು, ಜೊತೆಗೆ ದಂಡ. ‘ಮೂರು ದಿನ ಕಾದೆ, ಯಾರೂ ಬರಲಿಲ್ಲ, ಇನ್ನು ನನ್ನದೇ’ ಅನ್ನುವ ಲೆಕ್ಕ ಕಾನೂನಿನಲ್ಲಿ ಇಲ್ಲ. ಸಮಂಜಸವಾದಷ್ಟು ಕಾಲ ಇಟ್ಟುಕೊಂಡು ಪ್ರಾಮಾಣಿಕವಾಗಿ ಹುಡುಕಿರಬೇಕು, ಅಷ್ಟೇ ಅದು ಹೇಳುವುದು.

ಸಿಕ್ಕಿದ ದುಡ್ಡನ್ನು ದೇವಸ್ಥಾನದ ಹುಂಡಿಗೆ ಹಾಕಿ ಕೈ ತೊಳೆದುಕೊಳ್ಳುವ ಅಭ್ಯಾಸ ನಮ್ಮಲ್ಲಿ ಬಹಳ ಇದೆ. ಪಾಪದ ಭಯದಿಂದ ಮಾಡುತ್ತಾರೆ, ನಿಜ. ಆದರೆ ಆಸ್ಪತ್ರೆ ಬಿಲ್ಲಿಗೆಂದು ತಂದ ದುಡ್ಡನ್ನು ಕಳೆದುಕೊಂಡವರಿಗೆ ಅದರಿಂದ ಏನು ಬಂತು? ಕಂಡವರ ದುಡ್ಡಲ್ಲಿ ನಾವು ಕಾಣಿಕೆ ಹಾಕಿದ ಹಾಗಾಯಿತು ಅಷ್ಟೆ.

ಸಿಕ್ಕ ಕೂಡಲೇ ಮಾಡಬೇಕಾದದ್ದು

ಮೊದಲು ಒಂದು ಎಚ್ಚರಿಕೆ. ವಾರಸುದಾರರಿಲ್ಲದ ಬ್ಯಾಗು ರೈಲ್ವೆ ಸ್ಟೇಷನ್, ಬಸ್ ಸ್ಟ್ಯಾಂಡ್, ಮಾರುಕಟ್ಟೆಯಂಥ ಜನ ಸೇರುವ ಜಾಗದಲ್ಲಿ ಇದ್ದು, ನೋಡಿದರೆ ಅನುಮಾನ ಬರುವ ಹಾಗಿದ್ದರೆ ಮುಟ್ಟಲೇಬೇಡಿ. 112ಕ್ಕೆ ಫೋನ್ ಮಾಡಿ, ದೂರ ನಿಲ್ಲಿ.

ಉಳಿದಂತೆ, ಎತ್ತುವ ಮುಂಚೆ ಬಿದ್ದಿರುವ ಜಾಗದಲ್ಲೇ ಒಂದು ಫೋಟೋ ತೆಗೆಯಿರಿ. ಪಕ್ಕದಲ್ಲಿ ಅಂಗಡಿಯವರೋ ಆಟೋದವರೋ ಇದ್ದರೆ ಕರೆದು, ಅವರ ಎದುರಿಗೇ ಬ್ಯಾಗು ತೆರೆಯಿರಿ. ಒಳಗೆ ಏನೇನಿದೆ ಅಂತ ವಿಡಿಯೋ ಮಾಡಿಕೊಳ್ಳಿ. ದುಡ್ಡಿದ್ದರೆ ಸಾಕ್ಷಿಯ ಎದುರೇ ಎಣಿಸಿ. ನಾಳೆ “ಹತ್ತು ಸಾವಿರ ಇತ್ತು, ಈಗ ಆರೇ ಇದೆಯಲ್ಲ” ಅನ್ನುವ ಮಾತು ಬಂದರೆ ನಿಮ್ಮನ್ನು ಕಾಯುವುದು ಆ ವಿಡಿಯೋ. ಒಳ್ಳೆಯದು ಮಾಡಲು ಹೋಗಿ ಕಳ್ಳನೆಂಬ ಮಾತು ಕೇಳಿಸಿಕೊಂಡವರು ಕಡಿಮೆ ಇಲ್ಲ.

ಬಸ್ಸು, ಮೆಟ್ರೋ, ಆಸ್ಪತ್ರೆ, ಮಾಲ್, ಮದುವೆ ಛತ್ರದಲ್ಲಿ ಸಿಕ್ಕಿದರೆ ಮನೆಗೆ ಒಯ್ಯಬೇಡಿ. ಕಳೆದುಕೊಂಡವರು ಮೊದಲು ವಾಪಸ್ ಬಂದು ಕೇಳುವುದು ಅಲ್ಲೇ. ಕೆಎಸ್‌ಆರ್‌ಟಿಸಿ ಬಸ್ಸಾದರೆ ಕಂಡಕ್ಟರಿಗೆ ಅಥವಾ ನಿಲ್ದಾಣದ ಸಂಚಾರ ನಿಯಂತ್ರಕರಿಗೆ, ಮೆಟ್ರೋ ಆದರೆ ಸ್ಟೇಷನ್ ಸಿಬ್ಬಂದಿಗೆ, ರೈಲಾದರೆ ಸ್ಟೇಷನ್ ಮಾಸ್ಟರಿಗೆ ಅಥವಾ ರೈಲ್ವೆ ರಕ್ಷಣಾ ಪಡೆಯವರಿಗೆ ಕೊಡಿ. ಆರ್‌ಪಿಎಫ್‌ನವರು ‘ಆಪರೇಷನ್ ಅಮಾನತ್’ ಹೆಸರಿನಲ್ಲಿ ಪ್ರಯಾಣಿಕರು ಬಿಟ್ಟುಹೋದ ಸಾಮಾನನ್ನು ವಾಪಸ್ ಮಾಡುವ ಕೆಲಸ ಮಾಡುತ್ತಾರೆ. ರೈಲಿನೊಳಗೇ ಇದ್ದರೆ ರೈಲ್ವೆ ಸಹಾಯವಾಣಿ 139ಕ್ಕೆ ಹೇಳಬಹುದು. ಯಾರಿಗೆ ಕೊಟ್ಟರೂ ಹೆಸರು, ಸಮಯ ಬರೆದುಕೊಳ್ಳಿ. ಸಹಿ ಹಾಕಿದ ಚೀಟಿ ಕೇಳಿ. ಕೊಡದಿದ್ದರೆ ಕೊಡುತ್ತಿರುವಾಗಿನ ಒಂದು ಫೋಟೋ ಆದರೂ ಇರಲಿ.

ಹೇಳುವುದೆಷ್ಟು, ಹೇಳದೆ ಇಟ್ಟುಕೊಳ್ಳುವುದೆಷ್ಟು

ಇಡೀ ವಿಷಯದ ಜೀವ ಇರುವುದೇ ಇಲ್ಲಿ. ಪ್ರಕಟಣೆಯಲ್ಲಿ ವಸ್ತು ಯಾವುದು, ಸುಮಾರು ಯಾವ ಜಾಗ, ಯಾವತ್ತು ಅನ್ನುವಷ್ಟು ಮಾತ್ರ ಇರಬೇಕು. ‘ಭಾನುವಾರ ಸಂಜೆ ಮಾರ್ಕೆಟ್ ಹತ್ತಿರ ಒಂದು ಬ್ಯಾಗ್ ಸಿಕ್ಕಿದೆ, ಕಳೆದುಕೊಂಡವರು ವಿವರ ಹೇಳಿ ಪಡೆಯಿರಿ’ ಅಂದರೆ ಸಾಕು. ಬಣ್ಣ, ಕಂಪನಿ, ಮೊತ್ತ, ಒಳಗಿನ ಸಾಮಾನು ಯಾವುದೂ ಬೇಡ. ಫೋಟೋವಂತೂ ಬೇಡವೇ ಬೇಡ. ಆಧಾರ್ ಕಾರ್ಡನ್ನು ಮುಖ, ನಂಬರ್ ಸಮೇತ ಹಾಕುವವರಿದ್ದಾರೆ. ಮಾಲೀಕರು ಸಿಗಲಿ ಅನ್ನುವ ಆಸೆ ಸರಿ, ಆದರೆ ಆ ನಂಬರನ್ನು ಬೇರೆ ಯಾರು ಯಾತಕ್ಕೆ ಬಳಸುತ್ತಾರೋ ಹೇಳಲಾಗದು. ಹೆಸರಿನ ಮೊದಲ ಅಕ್ಷರ, ಊರಿನ ಹೆಸರು ಹಾಕಿದರೆ ಸಾಕು.

ಕನಿಷ್ಠ ಎರಡು ಗುರುತುಗಳನ್ನು ಯಾರಿಗೂ ಹೇಳದೆ ಉಳಿಸಿಕೊಳ್ಳಿ. ಮನೆಯವರಿಗೂ ಬೇಡ ಅಂದರೆ ಅತಿ ಅನ್ನಿಸಬಹುದು. ಆದರೆ ಮಾತು ಬಾಯಿಂದ ಬಾಯಿಗೆ ಹೋಗುವುದು ಅಲ್ಲಿಂದಲೇ ಅಲ್ವಾ? ಪರ್ಸಿನ ಒಳಜೇಬಿನಲ್ಲಿರುವ ಯಾವುದೋ ದೇವರ ಪಟ, ಹರಿದ ಜಿಪ್, ಮಡಚಿಟ್ಟ ಔಷಧಿ ಚೀಟಿ, ಇಂಥವು ಬಹಳ ಒಳ್ಳೆಯ ಗುರುತುಗಳು. ಹೊರಗಿನಿಂದ ನೋಡಿದವರಿಗೆ ಗೊತ್ತಾಗುವಂಥದ್ದಲ್ಲ.

ಫೋನ್ ಬಂದಾಗ ಮಾತು ಹೇಗಿರಬೇಕು

ಕೇಳುವವರು ನೀವು, ಹೇಳುವವರು ಅವರು. ಈ ಕ್ರಮ ತಲೆಕೆಳಗಾಗದಿರಲಿ. ಸಾಮಾನ್ಯವಾಗಿ ಮಾತು ಹೀಗೆ ಸಾಗುತ್ತದೆ:

“ಸರ್, ಬ್ಯಾಗ್ ಸಿಕ್ಕಿದೆ ಅಂತ ಹಾಕಿದ್ರಲ್ಲ, ಅದು ನಂದೇ.”
“ಒಳ್ಳೇದಾಯ್ತು. ಎಲ್ಲಿ ಬಿಟ್ಟಿದ್ರಿ ಹೇಳ್ತೀರಾ?”
“ಅದೇ ಸರ್, ಮಾರ್ಕೆಟ್ ಹತ್ರ.”
“ಅಲ್ಲಿಗೆ ಎಲ್ಲಿಂದ ಬಂದಿದ್ರಿ? ಆಮೇಲೆ ಎಲ್ಲಿಗೆ ಹೋದ್ರಿ?”
“ಅದೆಲ್ಲಾ ಯಾಕೆ ಸರ್? ಕಪ್ಪು ಬ್ಯಾಗ್ ತಾನೆ?”

ಕೊನೆಯ ಮಾತು ನೋಡಿ. ಉತ್ತರದ ಬದಲು ನಿಮಗೇ ಪ್ರಶ್ನೆ ಬಂತು. ಇದಕ್ಕೆ ಹೌದು ಅನ್ನಬೇಡಿ, ಅಲ್ಲ ಅಂತಲೂ ಅನ್ನಬೇಡಿ. ‘ಅಲ್ಲ’ ಅಂದರೂ ಒಂದು ಬಣ್ಣ ಕಳೆಯಿತು. ಸ್ವಲ್ಪ ಹೊತ್ತಿನಲ್ಲಿ ಬೇರೆ ನಂಬರಿನಿಂದ “ನೀಲಿ ಬ್ಯಾಗ್ ತಾನೆ?” ಅಂತ ಫೋನ್ ಬರಬಹುದು. “ನೀವು ಹೇಳಿ, ನಾನು ಬರ್ಕೊಳ್ತೀನಿ” ಅನ್ನುವುದೊಂದೇ ಉತ್ತರ.

ಇಲ್ಲಿ ಒಂದು ವಿಚಾರ ಗಮನದಲ್ಲಿರಲಿ. ನಿಜವಾದ ಮಾಲೀಕರಿಗೆ ಎಲ್ಲವೂ ಸರಿಯಾಗಿ ನೆನಪಿರುವುದಿಲ್ಲ. ಪರ್ಸಿನಲ್ಲಿ ಎಷ್ಟಿತ್ತು ಅಂದರೆ “ಒಂದು ಎಂಟ್ನೂರೋ ಸಾವಿರವೋ ಇರಬೇಕು” ಅನ್ನುತ್ತಾರೆ. ಆದರೆ ನೀವು ಕೇಳದೇ ಇದ್ದದ್ದನ್ನೂ ಹೇಳುತ್ತಾರೆ: “ಅದರಲ್ಲಿ ನಮ್ಮ ಹುಡುಗಿಯ ಸ್ಕೂಲ್ ಫೀಸ್ ರಸೀದಿ ಇತ್ತು, ಅದೊಂದು ಸಿಕ್ಕರೆ ಸಾಕು.” ಕಳೆದುಕೊಂಡ ದಿನದ ಓಡಾಟವನ್ನು ಅವರು ಈಗಾಗಲೇ ಹತ್ತು ಸಲ ಮನಸ್ಸಿನಲ್ಲಿ ತಿರುವಿ ಹಾಕಿರುತ್ತಾರೆ. ಕೇಳಿದರೆ ಗಡಗಡ ಹೇಳುತ್ತಾರೆ. ಆದ್ದರಿಂದ ಒಂದು ಉತ್ತರ ತಪ್ಪಿತೆಂದು ಅನುಮಾನ ಪಡಬೇಡಿ. ವಯಸ್ಸಾದವರು, ಗಾಬರಿಯಲ್ಲಿರುವವರು ಬಂದರೆ ಪೊಲೀಸರ ಹಾಗೆ ಪ್ರಶ್ನೆ ಹಾಕದೆ ಕೂರಿಸಿ, ನೀರು ಕೊಟ್ಟು, ನಿಧಾನವಾಗಿ ಮಾತಾಡಿಸಿ. ಎಲ್ಲ ಪ್ರಶ್ನೆಗೂ ಥಟ್ಟನೆ ಉತ್ತರ ಕೊಟ್ಟು, “ಬೇಗ ಕೊಡಿ, ಬಸ್ಸಿದೆ” ಅನ್ನುವವರ ಬಗ್ಗೆ ನನಗೆ ಜಾಸ್ತಿ ಅನುಮಾನ.

ವಸ್ತು ಯಾವುದೋ ಪುರಾವೆ ಅದಕ್ಕೆ ತಕ್ಕಂತೆ

ಮೊಬೈಲ್ ಫೋನ್ ವಿಚಾರದಲ್ಲಿ ಕೆಲಸ ಸುಲಭ. ಸ್ವಿಚ್ ಆಫ್ ಮಾಡಬೇಡಿ, ಸಿಮ್ ತೆಗೆಯಬೇಡಿ. ಚಾರ್ಜ್ ಹಾಕಿಟ್ಟು ಕರೆಗೆ ಕಾಯಿರಿ. ‘ಅಮ್ಮ’, ‘ಮನೆ’ ಅನ್ನುವ ಹೆಸರಿನಿಂದ ಕರೆ ಬಂದರೆ ಮಾಲೀಕರ ಕಡೆಯವರೇ ಸಿಕ್ಕ ಹಾಗೆ. ಬಂದವರು ನಿಮ್ಮೆದುರೇ ಬೆರಳಿಟ್ಟು ಅಥವಾ ಪಿನ್ ಒತ್ತಿ ತೆರೆದರೆ ಅದಕ್ಕಿಂತ ಪುರಾವೆ ಬೇಡ. ಪಿನ್ನನ್ನು ನಿಮಗೆ ಹೇಳಬೇಕಿಲ್ಲ, ತೆರೆದು ತೋರಿಸಿದರೆ ಸಾಕು. ತೆರೆಯಲು ಆಗದಿದ್ದರೆ ಪ್ರತಿ ಫೋನಿಗೂ ಬೇರೆಬೇರೆಯಾಗಿರುವ 15 ಅಂಕಿಯ ಐಎಂಇಐ ನಂಬರ್ ಇದೆ. ಲಾಕ್ ಆಗಿದ್ದರೂ ಹಲವು ಫೋನುಗಳ ಎಮರ್ಜೆನ್ಸಿ ಡಯಲರಿನಲ್ಲಿ *#06# ಒತ್ತಿದರೆ ಅದು ಕಾಣುತ್ತದೆ. ಬಿಲ್ಲಿನಲ್ಲೋ ಡಬ್ಬದ ಮೇಲೋ ಇರುವ ನಂಬರಿನ ಜೊತೆ ತಾಳೆ ನೋಡಿ.

ಚಿನ್ನದ ವಿಚಾರ ಬೇರೆ. ಕೆಲಸ ಇರುವುದು ಇಲ್ಲೇ. ಇತ್ತೀಚಿನ ಒಡವೆಗಳಲ್ಲಿ ಎಚ್‌ಯುಐಡಿ ಎಂಬ ಆರು ಅಕ್ಷರ-ಅಂಕಿಗಳ ಗುರುತು ಕೊರೆದಿರುತ್ತದೆ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆ ಮಾರಲು ಇದು ಕಡ್ಡಾಯ. ಭೂತಗನ್ನಡಿಯಲ್ಲಿ ಓದಿ ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಹಾಕಿದರೆ ಯಾವ ಆಭರಣ ವ್ಯಾಪಾರಿಯ ಹೆಸರಿನಲ್ಲಿ ಹಾಲ್‌ಮಾರ್ಕ್ ಆಯಿತು ಅಂತ ತಿಳಿಯುತ್ತದೆ. ಮಾಲೀಕರನ್ನು ಹುಡುಕಲು ಇದೊಂದು ಎಳೆ. ಬಂದವರು ಹೇಳುವ ಅಂಗಡಿಯ ಹೆಸರನ್ನು ಪರೀಕ್ಷಿಸಲೂ ಆಗುತ್ತದೆ.

ಹಳೆಯ ಒಡವೆಗಳಿಗೆ ಈ ಗುರುತು ಇರುವುದಿಲ್ಲ. ಬಿಲ್ಲಂತೂ ಇರುವುದೇ ಇಲ್ಲ, ಅಜ್ಜಿ ಕೊಟ್ಟದ್ದಕ್ಕೆ ಎಲ್ಲಿಯ ಬಿಲ್ಲು? ಅಂಥಲ್ಲಿ ಮದುವೆ, ನಾಮಕರಣದ ಫೋಟೋ ಕೇಳಿ. ಮಾಂಗಲ್ಯದ ಸರವಾದರೆ ಪ್ರಶ್ನೆಗಳಿಗೆ ಕೊರತೆಯಿಲ್ಲ. ತಾಳಿ ಒಂದೋ ಎರಡೋ? ನಡುವೆ ಹವಳ ಇದೆಯೋ? ಕರಿಮಣಿ ಒಂದೆಳೆಯೋ ಎರಡೆಳೆಯೋ? ಕೊಂಡಿಯನ್ನು ಯಾವಾಗಲಾದರೂ ರಿಪೇರಿ ಮಾಡಿಸಿದ್ದರಾ? ದಿನವೂ ಕೊರಳಲ್ಲಿ ಹಾಕಿಕೊಂಡವರು ಕಣ್ಣು ಮುಚ್ಚಿಕೊಂಡು ಹೇಳುತ್ತಾರೆ. ಇಂಥ ವಸ್ತುವನ್ನು ಗಂಡನೊಬ್ಬನೇ ಬಂದು ಕೇಳಿದರೂ ಹಾಕಿಕೊಳ್ಳುತ್ತಿದ್ದವರ ಜೊತೆ ಒಮ್ಮೆ ಮಾತಾಡಿಯೇ ಕೊಡಿ. ಬೆಲೆ ಜಾಸ್ತಿ ಇದ್ದರೆ ಮನೆಯಲ್ಲಿ ಇಟ್ಟುಕೊಂಡು ನೀವೇ ಕೊಡುವುದಕ್ಕಿಂತ ಠಾಣೆಯ ಮೂಲಕ ಕೊಡುವುದು ಒಳ್ಳೆಯದು.

ಎಲ್ಲಕ್ಕಿಂತ ಕಷ್ಟ ಬರೀ ನೋಟಿನ ಕಂತೆ. ನೋಟಿಗೆ ಮುಖ ಇಲ್ಲ. ಎಷ್ಟು ರೂಪಾಯಿಯ ನೋಟು ಎಷ್ಟೆಷ್ಟು, ರಬ್ಬರ್ ಬ್ಯಾಂಡೋ ಬ್ಯಾಂಕಿನ ಪಟ್ಟಿಯೋ, ಯಾವ ಕವರಿನಲ್ಲಿತ್ತು, ದುಡ್ಡು ಎಲ್ಲಿಂದ ಬಂದದ್ದು ಅಂತ ಕೇಳಿ. ಬ್ಯಾಂಕಿನಿಂದ ತೆಗೆದಿದ್ದರೆ ಪಾಸ್‌ಬುಕ್ಕಿನಲ್ಲೋ ಮೆಸೇಜಿನಲ್ಲೋ ದಾಖಲೆ ಇರುತ್ತದೆ. ಅಡಿಕೆ, ರೇಷ್ಮೆಗೂಡು ಮಾರಿ ಬಂದದ್ದಾದರೆ ಮಂಡಿಯವರು, ಮಾರುಕಟ್ಟೆಯವರು ಹೇಳುತ್ತಾರೆ.

ಎಟಿಎಂ ಕಾರ್ಡು ಸಿಕ್ಕಿದರೆ ಬ್ಯಾಂಕಿಗೆ ತಿಳಿಸಿ. ಪಾಸ್‌ಪೋರ್ಟ್ ಕಾನೂನಿನ ಪ್ರಕಾರ ಕೇಂದ್ರ ಸರ್ಕಾರದ ಸ್ವತ್ತು, ಅದನ್ನು ಠಾಣೆಗೋ ಪಾಸ್‌ಪೋರ್ಟ್ ಕಚೇರಿಗೋ ಒಪ್ಪಿಸಿ. ದಾರಿ ತಪ್ಪಿ ಬಂದ ಹಸು, ಎಮ್ಮೆಯ ಕಿವಿಯಲ್ಲಿ ಹಳದಿ ಬಿಲ್ಲೆ ಇದ್ದರೆ ಅದರ 12 ಅಂಕಿಯ ನಂಬರನ್ನು ಪಶುವೈದ್ಯರಿಗೆ ತೋರಿಸಿ. ಮನೆ ಪಾಯ ಅಗೆಯುವಾಗ ಚಿನ್ನದ ನಾಣ್ಯ ಸಿಕ್ಕಿತು ಅನ್ನಿ, ಅದು ಕಳೆದುಹೋದ ವಸ್ತುವಲ್ಲ, ನಿಧಿ. ಅದಕ್ಕೆ 1962ರ ಕರ್ನಾಟಕ ನಿಧಿ ಕಾಯ್ದೆಯೇ ಬೇರೆ ಇದೆ. ‘ನಮ್ಮ ತಾತ ಹೂತಿಟ್ಟದ್ದು’ ಅಂತ ಯಾರು ಬಂದರೂ ಕೊಡಬೇಡಿ, ಸರ್ಕಾರಕ್ಕೆ ತಿಳಿಸಿ.

ಕೈಗೆ ಕೊಡುವ ಹೊತ್ತು

ಪೊಲೀಸ್ ಠಾಣೆ, ಬ್ಯಾಂಕು, ಪಂಚಾಯ್ತಿ ಕಚೇರಿ, ಅಥವಾ ಗೊತ್ತಿರುವ ಅಂಗಡಿಯಲ್ಲಿ ಹಗಲು ಹೊತ್ತಿನಲ್ಲಿ ಕೊಡಿ. ಅಪರಿಚಿತರನ್ನು ಮನೆಗೆ ಕರೆಯಬೇಡಿ. ಹೆಣ್ಣುಮಕ್ಕಳು ಒಬ್ಬರೇ ಹೋಗಿ ಕೊಡುವುದು ಬೇಡ, ಜೊತೆಗೆ ಯಾರಾದರೂ ಇರಲಿ.

“ನನಗೆ ಬರಲಾಗಲ್ಲ, ನನ್ನ ತಮ್ಮ ಬರ್ತಾನೆ, ಅವನ ಕೈಲಿ ಕೊಟ್ಟುಬಿಡಿ” ಅನ್ನುವುದು ಸಾಮಾನ್ಯ. ನಿಜವೂ ಇರಬಹುದು. ಮಾಲೀಕರಿಂದ ಒಂದು ಮೆಸೇಜ್, ಅವರ ಗುರುತಿನ ಚೀಟಿಯ ಫೋಟೋ ತರಿಸಿಕೊಳ್ಳಿ. ಕೊಡುವಾಗ ವಿಡಿಯೋ ಕರೆ ಮಾಡಿ, ‘ಇವರೇ ತಾನೆ?’ ಅಂತ ಕೇಳಿ.

ವಸ್ತು ಕೊಟ್ಟು ಒಂದು ರಸೀದಿ ಬರೆಸಿಕೊಳ್ಳಿ. ಇಷ್ಟಿದ್ದರೆ ಸಾಕು:

‘ದಿನಾಂಕ ____ರಂದು ____ ಎಂಬಲ್ಲಿ ಕಳೆದುಕೊಂಡಿದ್ದ ನನ್ನ ____ (ಒಳಗಿನ ಸಾಮಾನು, ಹಣದ ಮೊತ್ತ ಸಮೇತ) ವಸ್ತುವನ್ನು ಶ್ರೀ/ಶ್ರೀಮತಿ ____ ಅವರಿಂದ ಇಂದು ಪೂರ್ತಿಯಾಗಿ ಪಡೆದಿದ್ದೇನೆ. ಇದು ನನ್ನದೇ ಸ್ವತ್ತು. ಬೇರೆಯವರು ಹಕ್ಕು ಸಾಬೀತು ಮಾಡಿದರೆ ನಾನೇ ಹೊಣೆ. ಹೆಸರು, ವಿಳಾಸ, ಫೋನ್, ಸಹಿ. ಸಾಕ್ಷಿಯ ಸಹಿ.’

ಜೊತೆಗೆ ಅವರ ಗುರುತಿನ ಚೀಟಿಯ ಪ್ರತಿ ಇರಲಿ. ಸುಳ್ಳು ಹೇಳಿ ಬಂದವರು ಎಷ್ಟೋ ಸಲ ಸಹಿ ಅಂದ ಕೂಡಲೇ “ನಾಳೆ ಬರ್ತೀನಿ” ಅನ್ನುತ್ತಾರೆ.

ಅನುಮಾನ ಬಂದರೆ, ಇಬ್ಬರು ಬಂದರೆ

ತೀರ್ಪು ಕೊಡಬೇಕಾದ ಹೊಣೆ ನಿಮ್ಮದಲ್ಲ. ಇಬ್ಬರೂ ‘ನಂದು’ ಅಂದರೆ, ಅಣ್ಣತಮ್ಮಂದಿರ ಪಾಲಿನ ಜಗಳ ಇದ್ದ ಹಾಗೆ ಕಂಡರೆ, ಅಥವಾ ಯಾಕೋ ಮನಸ್ಸು ಒಪ್ಪದಿದ್ದರೆ, “ಠಾಣೆಗೆ ಕೊಡ್ತೀನಿ, ಅಲ್ಲಿ ಬಂದು ತಗೊಳ್ಳಿ” ಅನ್ನಿ. ಜಗಳಕ್ಕೆ ನಿಂತರೆ, ಬೆದರಿಸಿದರೆ 112. ಹೀಗೆ ಒಂದೇ ವಸ್ತುವಿಗೆ ಹಲವರು ಹಕ್ಕು ಹೇಳಿದಾಗ ವಸ್ತು ಇಟ್ಟುಕೊಂಡವರು ನ್ಯಾಯಾಲಯಕ್ಕೆ ಹೋಗಿ ‘ಯಾರಿಗೆ ಕೊಡಲಿ ನೀವೇ ಹೇಳಿ’ ಎಂದು ಕೇಳಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 88ನೇ ಕಲಂ ದಾರಿ ಕೊಡುತ್ತದೆ. ಪರ್ಸಿಗೆ, ಫೋನಿಗೆ ಅಷ್ಟು ದೂರ ಹೋಗುವುದು ದಂಡ.

ಠಾಣೆಗೆ ಹೋಗುವಾಗ ಎರಡು ಪ್ರತಿ ಅರ್ಜಿ ಬರೆದುಕೊಂಡು ಹೋಗಿ: ಯಾವಾಗ, ಎಲ್ಲಿ, ಏನೇನು ಸಿಕ್ಕಿತು, ಯಾರ್ಯಾರು ಬಂದು ಕೇಳಿದರು. ಒಂದರ ಮೇಲೆ ಸೀಲು, ಸಹಿ ಹಾಕಿಸಿಕೊಂಡು ವಾಪಸ್ ತನ್ನಿ. “ಆಯ್ತು ಬಿಟ್ಟುಹೋಗಿ” ಅಂದರೂ ಸುಮ್ನೆ ಬರಬೇಡಿ. ಪೊಲೀಸರು ವಶಕ್ಕೆ ಪಡೆದ ವಸ್ತುವಿನ ವಿಷಯ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 503ನೇ ಕಲಂ ಪ್ರಕಾರ ಮ್ಯಾಜಿಸ್ಟ್ರೇಟರ ಮುಂದೆ ಹೋಗುತ್ತದೆ. ಹಕ್ಕುದಾರರು ಗೊತ್ತಿಲ್ಲದಿದ್ದರೆ ಮ್ಯಾಜಿಸ್ಟ್ರೇಟರು ಪ್ರಕಟಣೆ ಹೊರಡಿಸಬಹುದು. ಹಕ್ಕು ಹೇಳಲು ಅದರಿಂದ 6 ತಿಂಗಳ ಅವಧಿ.

ಸುಳ್ಳು ಹೇಳಿ ವಸ್ತು ಹೊಡೆದುಕೊಂಡು ಹೋದರೆ ಅದು ವಂಚನೆ. ನ್ಯಾಯ ಸಂಹಿತೆಯ 318(4)ರ ಪ್ರಕಾರ 7 ವರ್ಷದವರೆಗೂ ಶಿಕ್ಷೆ ಇದೆ. ಬಂದವರಿಗೆ ಇದನ್ನು ಮೆತ್ತಗೆ ಹೇಳಿದರೂ ಕೆಲವರು ಹಿಂದೆ ಸರಿಯುತ್ತಾರೆ.

ಖರ್ಚು, ಬಹುಮಾನ

ವಸ್ತು ಕಾಯಲು, ಮಾಲೀಕರನ್ನು ಹುಡುಕಲು ನೀವು ಮಾಡಿದ ಖರ್ಚು ಕೈಗೆ ಬರುವ ತನಕ ವಸ್ತುವನ್ನು ಇಟ್ಟುಕೊಳ್ಳಬಹುದು ಅನ್ನುತ್ತದೆ ಕರಾರು ಕಾಯ್ದೆಯ 168ನೇ ಕಲಂ. ಖರ್ಚಿಗಾಗಿ ದಾವೆ ಹೂಡುವಂತಿಲ್ಲ. ಆದರೆ ಮಾಲೀಕರು ಇಷ್ಟು ಬಹುಮಾನ ಅಂತ ಮೊದಲೇ ಪ್ರಕಟಿಸಿದ್ದರೆ ಅದನ್ನು ದಾವೆ ಹಾಕಿಯೂ ಕೇಳಬಹುದು. ಪ್ರಕಟಣೆ ಗೊತ್ತಿರಬೇಕು ಅನ್ನುವುದು ಮುಖ್ಯ. 1913ರ ಲಾಲ್‌ಮನ್ ಶುಕ್ಲಾ ಪ್ರಕರಣದಲ್ಲಿ ಯಜಮಾನನ ಕಳೆದುಹೋದ ಹುಡುಗನನ್ನು ಹುಡುಕಿ ತಂದ ನೌಕರನಿಗೆ 501 ರೂಪಾಯಿ ಬಹುಮಾನ ಸಿಗಲಿಲ್ಲ. ಹುಡುಕುವಾಗ ಅವನಿಗೆ ಬಹುಮಾನದ ವಿಷಯವೇ ಗೊತ್ತಿರಲಿಲ್ಲ ಅಂತ ಅಲಹಾಬಾದ್ ಹೈಕೋರ್ಟ್ ಹೇಳಿತು. ಪ್ರಕಟಣೆಯೇ ಇಲ್ಲದಿದ್ದಾಗ “ಏನಾದ್ರೂ ಕೊಡಿ, ಆಮೇಲೆ ಕೊಡ್ತೀನಿ” ಅಂತ ಹಟ ಹಿಡಿದರೆ ಮಾಡಿದ ಉಪಕಾರವೇ ನಿಮಗೆ ತೊಂದರೆಯಾಗುತ್ತದೆ.

‘ತಪ್ಪಿ ನಿಮ್ಮ ಅಕೌಂಟಿಗೆ ದುಡ್ಡು ಹಾಕಿದೆ’

ಇದೂ ಅದೇ ಜಾತಿಯ ಸಮಸ್ಯೆ. ಮೊದಲು ಮೆಸೇಜನ್ನು ನಂಬದೆ ಬ್ಯಾಂಕಿನ ಆ್ಯಪ್‌ನಲ್ಲೇ ದುಡ್ಡು ಬಂದಿದೆಯಾ ನೋಡಿ. ಎಷ್ಟೋ ಸಲ ಮೆಸೇಜೇ ನಕಲಿ. ನಿಜವಾಗಿ ಬಂದಿದ್ದರೆ ಅದು ನಿಮ್ಮದಲ್ಲ, ತಪ್ಪಿ ಬಂದ ಹಣ ವಾಪಸ್ ಕೊಡಬೇಕು ಅಂತ ಕರಾರು ಕಾಯ್ದೆಯ 72ನೇ ಕಲಂ ಹೇಳುತ್ತದೆ. ಆದರೆ ಫೋನ್ ಮಾಡಿದವರು ಹೇಳಿದ ನಂಬರಿಗೆ ನೀವೇ ಕಳಿಸಬೇಡಿ. ಅದು ಬೇರೆ ಯಾರಿಂದಲೋ ಕದ್ದ ದುಡ್ಡಾಗಿದ್ದರೆ ಪೊಲೀಸರ ಲೆಕ್ಕದಲ್ಲಿ ನಿಮ್ಮ ಖಾತೆಯೂ ಬರುತ್ತದೆ. “ನಿಮ್ಮ ಬ್ಯಾಂಕಿಗೆ ದೂರು ಕೊಡಿ, ನಾನೂ ನನ್ನ ಬ್ಯಾಂಕಿಗೆ ಬರೆದುಕೊಡ್ತೀನಿ, ಅವರೇ ವಾಪಸ್ ಮಾಡ್ಲಿ” ಅನ್ನಿ. ಆ ದುಡ್ಡನ್ನು ಮುಟ್ಟದೆ ಇಡಿ. ಒತ್ತಾಯ, ಬೆದರಿಕೆ ಶುರುವಾದರೆ 1930 ಸೈಬರ್ ಸಹಾಯವಾಣಿ.

ನಿಮ್ಮ ವಸ್ತುವನ್ನೇ ಬೇರೆಯವರು ತೆಗೆದುಕೊಂಡು ಹೋಗಿದ್ದರೆ

‘ಆಗಲೇ ಯಾರೋ ಬಂದು ತಗೊಂಡು ಹೋದ್ರಲ್ಲ’ ಅಂತ ಕೌಂಟರಿನಲ್ಲಿ ಹೇಳಿದರೆ ಅಲ್ಲೇ ನಿಂತು ರಿಜಿಸ್ಟರ್ ತೋರಿಸಲು ಕೇಳಿ: ಯಾರು, ಯಾವಾಗ, ಯಾವ ಗುರುತಿನ ಚೀಟಿ, ಯಾರು ಕೊಟ್ಟದ್ದು. ಅವತ್ತೇ ಲಿಖಿತ ದೂರು ಕೊಟ್ಟು, ಸಿಸಿಟಿವಿ ದೃಶ್ಯವನ್ನು ಅಳಿಸದೆ ತೆಗೆದಿಡಿ ಎಂದು ಅದರಲ್ಲೇ ಬರೆಯಿರಿ. ಹಳೆಯ ದೃಶ್ಯದ ಮೇಲೆ ಹೊಸದು ತಾನಾಗಿಯೇ ಕೂರುತ್ತದೆ, ತಡ ಮಾಡಿದರೆ ಹೋಯಿತು. ಬರೀ ಕಳೆದುಹೋಗಿದ್ದಾಗ ಕರ್ನಾಟಕ ಪೊಲೀಸರಿಗೆ ಆನ್‌ಲೈನಿನಲ್ಲಿ ಕೊಡುವ ‘ಇ-ಲಾಸ್ಟ್’ ವರದಿ ಸಾಕು. ಇನ್ನೊಬ್ಬರು ಸುಳ್ಳು ಹೇಳಿ ಒಯ್ದಿದ್ದಾರೆ ಅಂದರೆ ಸಾಲದು, ಠಾಣೆಗೆ ಹೋಗಿ ವಂಚನೆ ಎಂದೇ ದೂರು ಕೊಡಿ.

ಫೋನ್ ಆದರೆ ಪೊಲೀಸ್ ದೂರಿನ ಪ್ರತಿ, ಬಿಲ್ಲು, ಐಎಂಇಐ ಇಟ್ಟುಕೊಂಡು ಕೇಂದ್ರ ಸರ್ಕಾರದ ‘ಸಂಚಾರ್ ಸಾಥಿ’ ಜಾಲತಾಣದಲ್ಲಿ ಕಳೆದ ಫೋನುಗಳಿಗೆಂದೇ ಇರುವ ಸಿಇಐಆರ್ ವಿಭಾಗದಲ್ಲಿ ಬ್ಲಾಕ್ ಮಾಡಿ. ಬೇರೆ ಸಿಮ್ ಹಾಕಿದರೂ ಅದು ಕೆಲಸ ಮಾಡುವುದಿಲ್ಲ. ಸಿಕ್ಕಿದ ಮೇಲೆ ಅದೇ ಕೋರಿಕೆಯ ನಂಬರ್ ಹಾಕಿ ಅನ್‌ಬ್ಲಾಕ್ ಮಾಡಿಕೊಳ್ಳಬಹುದು. ಈ ಹೊತ್ತಿನಲ್ಲಿ ‘ನಿಮ್ಮ ಫೋನ್ ಸಿಕ್ಕಿದೆ, ಈ ಲಿಂಕ್ ಒತ್ತಿ ಪಾಸ್‌ವರ್ಡ್ ಹಾಕಿ’ ಅನ್ನುವ ಮೆಸೇಜ್ ಬಂದರೆ ಒತ್ತಬೇಡಿ, ಕದ್ದವರಿಗೆ ಲಾಕ್ ತೆಗೆಯಲು ಬೇಕಾದದ್ದು ಅದೇ. ‘ಬ್ಯಾಗ್ ನನ್ನ ಹತ್ರ ಇದೆ, ಕೊರಿಯರ್ ಖರ್ಚು ಮೊದಲು ಕಳಿಸಿ’ ಅನ್ನುವವರಿಗೆ, ನೀವು ಪ್ರಕಟಣೆಯಲ್ಲಿ ಹೇಳದೇ ಉಳಿಸಿಕೊಂಡ ಗುರುತು ಯಾವುದೆಂದು ಕೇಳಿ, ಇಲ್ಲವೇ ಸಾಮಾನಿನ ಪಕ್ಕ ಇವತ್ತಿನ ಪೇಪರ್ ಇಟ್ಟು ಫೋಟೋ ಕಳಿಸಲು ಹೇಳಿ.

ನಿಮ್ಮ ವಸ್ತು ಅಷ್ಟರಲ್ಲಿ ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಮಾರಾಟವಾಗಿ ಹೋಗಿದ್ದರೂ ಹಕ್ಕು ಹೋಗುವುದಿಲ್ಲ. ಮಾರಿದವರಿಗೇ ಇಲ್ಲದ ಹಕ್ಕು ಸಾಮಾನ್ಯವಾಗಿ ಕೊಂಡವರಿಗೆ ಬರುವುದಿಲ್ಲ ಅನ್ನುವುದು 1930ರ ಸರಕು ಮಾರಾಟ ಕಾಯ್ದೆಯ 27ನೇ ಕಲಂ. ಕೊಂಡವರು ದುಡ್ಡು ಕೊಟ್ಟಿದ್ದರೆ ಮಾರಿದವರ ಹತ್ತಿರ ಕೇಳಬೇಕು. ಅವರ ಜೊತೆ ನೀವು ಬೀದಿಯಲ್ಲಿ ನಿಂತು ವಾದ ಮಾಡಬೇಡಿ. ಬಿಲ್ಲು, ಐಎಂಇಐ ಅಥವಾ ಹಳೆಯ ಫೋಟೋ ಹಿಡಿದುಕೊಂಡು ದೂರು ಕೊಟ್ಟ ಠಾಣೆಯವರಿಗೆ ಅಂಗಡಿಯ ವಿಳಾಸ ತಿಳಿಸಿ. ಅವರು ವಶಕ್ಕೆ ಪಡೆದ ಮೇಲೆ ನ್ಯಾಯಾಲಯದಲ್ಲಿ ಬಿಡುಗಡೆಗೆ ಅರ್ಜಿ ಹಾಕಿ. ಫೋಟೋ ತೆಗೆದು, ಪಂಚನಾಮೆ ಮಾಡಿ, ಬಾಂಡ್ ಬರೆಸಿಕೊಂಡು ಇಂಥ ವಸ್ತುಗಳನ್ನು ಬೇಗ ವಾಪಸ್ ಕೊಡಬೇಕು, ಠಾಣೆಯಲ್ಲಿ ಸುಮ್ಮನೆ ಕೊಳೆಯಲು ಬಿಡಬಾರದು ಅಂತ ಸುಪ್ರೀಂ ಕೋರ್ಟ್ 2002ರಲ್ಲಿ ಸುಂದರ್‌ಭಾಯ್ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಹೇಳಿದೆ. ಅರ್ಜಿಯಲ್ಲಿ ಆ ತೀರ್ಪಿನ ಹೆಸರು ಬರೆಯಲು ವಕೀಲರಿಗೆ ಹೇಳಿ.